ಮುಖ್ಯ ಶಿಕ್ಷಕಿಯವರ ರಿಜಿಸ್ಟರುಗಳಿಗೆ ಒಂದು ನಮಸ್ಕಾರ

ಮಂಡ್ಯ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯವರು ಕಳೆದ ತಿಂಗಳ ಕೊನೆಯ ದಿನ ವಯೋನಿವೃತ್ತಿ ಹೊಂದಿದರು. ಬೀಳ್ಕೊಡುಗೆಯಲ್ಲಿ ಅವರ ಪಾಠವನ್ನೂ ಮಮತೆಯನ್ನೂ ಹಲವರು ಕೊಂಡಾಡಿದರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷನಾಗಿ ಮೂರು ವರ್ಷ ಅವರ ಮೇಜಿನ ಎದುರು ಕುಳಿತ ನನಗೆ ಹೇಳಬೇಕೆನಿಸಿದ್ದು ಅವರ ಆಡಳಿತದ ಬಗ್ಗೆ. ಮೈಕಿನ ಮುಂದೆ ಅದು ಬಾಯಿಗೆ ಬರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸಮಿತಿಯ ಖಾತೆಯಿಂದ ಹಣ ತೆಗೆಯಲು ಅಧ್ಯಕ್ಷರದೂ ಮುಖ್ಯ ಶಿಕ್ಷಕರದೂ ಜಂಟಿ ಸಹಿ ಬೇಕು. ಆಲೆಮನೆ ಬಿಟ್ಟು ಪದೇ ಪದೇ ಬರಲು ಬೇಸರವಾಗಿ ಮೊದಲ ವರ್ಷವೇ ನಾನು ನಾಲ್ಕು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಕೊಟ್ಟಿದ್ದೆ. ಅವರು ನಾಲ್ಕಕ್ಕೂ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು, "ಅಧ್ಯಕ್ಷರೇ, ನನ್ನನ್ನು ನಂಬಲಿ ಅಂತ ಊರಿನವರು ನಿಮ್ಮನ್ನ ಇಲ್ಲಿ ಕೂರಿಸಿಲ್ಲ, ಕೇಳಲಿ ಅಂತ ಕೂರಿಸಿದ್ದಾರೆ" ಎಂದರು. ಆ ದಿನ ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳಲಾರೆ.

ಬಿಸಿಯೂಟಕ್ಕೆ ಒಂದರಿಂದ ಐದನೆಯ ತರಗತಿಯ ಮಗುವಿಗೆ 100 ಗ್ರಾಂ, ಅದರ ಮೇಲಿನ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯವೆಂಬ ಲೆಕ್ಕವಿದೆ. ಬೆಳಗಿನ ಹಾಜರಿಯಲ್ಲಿ ಚಿಕ್ಕವರು 40, ದೊಡ್ಡವರು 20 ಎಂದಿದ್ದರೆ 7 ಕಿಲೊ ತೂಗಿಸಿ, ದಾಸ್ತಾನು ಪುಸ್ತಕದಲ್ಲಿ ಬರೆದ ಮೇಲೆಯೇ ಅಕ್ಕಿ ಒಲೆಯ ಕಡೆಗೆ ಹೋಗುತ್ತಿತ್ತು. ಊರಹಬ್ಬದ ಮರುದಿನ ಅರ್ಧಕ್ಕರ್ಧ ಮಕ್ಕಳು ಬಾರದಿದ್ದಾಗಲೂ ಇದ್ದಷ್ಟೇ ಹಾಜರಿ ಬರೆದರು. ಬಾರದವರನ್ನು ಬಂದವರೆಂದು ಬರೆದರೆ ಯಾವ ಮಗು ದನ ಕಾಯುತ್ತಿದೆ, ಯಾವ ಮಗು ಜ್ವರದಲ್ಲಿ ಮಲಗಿದೆ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ ಎನ್ನುವುದು ಅವರ ವಾದವಾಗಿತ್ತು. ಮೂರು ದಿನ ಸತತ ಗೈರಾದ ಮಗುವಿನ ಮನೆಗೆ ಸಂಜೆ ಅವರೇ ಹೋಗುತ್ತಿದ್ದರು.

ಒಂದು ಸುಗ್ಗಿಯಲ್ಲಿ ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದ ಕುಟುಂಬದ ಇಬ್ಬರು ಮಕ್ಕಳು ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ವರ್ಗಾವಣೆ ಪತ್ರವೂ ಇಲ್ಲ, ಜನನ ಪ್ರಮಾಣಪತ್ರವೂ ಇಲ್ಲ. ಇವು ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ; ಅದು ತಿಳಿಯದೆ "ಮೊದಲು ಕಾಗದ ತರಲಿ ಮೇಡಂ" ಎಂದವನು ನಾನೇ. ಅವರು ಮಕ್ಕಳನ್ನು ತರಗತಿಯಲ್ಲಿ ಕೂರಿಸಿ ಬಂದು, ಆಮೇಲೆ ಹಳೆಯ ಶಾಲೆಯ ಫೋನ್ ನಂಬರು ಹುಡುಕಲು ಕುಳಿತರು. ಕಟಾವು ಮುಗಿದು ಆ ಕುಟುಂಬ ಹೊರಟ ಬೆಳಿಗ್ಗೆ ಎರಡೂ ಟಿಸಿಗಳು ಸಿದ್ಧವಾಗಿದ್ದವು. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಾಯಿಯ ಕೈಗೆ ಕೊಟ್ಟರು.

ಮೇಡಂ, ಇಷ್ಟಕ್ಕೆಲ್ಲ ತಮಗೆ ನಾನೂ ನಮ್ಮ ಸಮಿತಿಯವರೂ ಋಣಿಗಳು. ತಮ್ಮ ಈ ಶಿಸ್ತನ್ನು ಗೊಣಗುತ್ತಲೇ ಪಾಲಿಸಿದ ಶಿಕ್ಷಕರಿಗೂ ಅಡುಗೆಯ ಅಕ್ಕಂದಿರಿಗೂ ವಂದನೆಗಳು.

ಕೊನೆಯ ದಿನ ಪ್ರಭಾರ ವಹಿಸಿಕೊಡುವಾಗ ಅವರು ತಟ್ಟೆ ಲೋಟಗಳನ್ನೂ ಎಣಿಸಿದರು. ಒಂದು ಲೋಟ ಕಡಿಮೆ ಬಿತ್ತು. "ಬುಡಿ ಮೇಡಂ, ನಾನೇ ಒಂದ್ ತಂದಿಡ್ತೀನಿ" ಎಂದು ಅಡುಗೆಯ ಅಕ್ಕ ಅಂದರೂ ಕೇಳದೆ, ಲೋಟ ಒಂದು ಕಡಿಮೆ ಎಂದು ಬರೆದು ಸಹಿ ಮಾಡಿದರು. ಕೆಳಗೆ ಸಾಕ್ಷಿಯಾಗಿ ನನ್ನ ಸಹಿಯೂ ಇದೆ. ಪೂರ್ತಿ ಓದಿಯೇ ಹಾಕಿದ್ದೇನೆ.