ಮಗಳೇ, ಹರ್ಜಲ್ ಬಗ್ಗೆ ನೀನು ಕೇಳಿದ್ದಕ್ಕೆ

ಪುಟ್ಟಿ,

ಪ್ಯಾಲೆಸ್ಟೀನ್‌ನಲ್ಲಿ ಯಹೂದಿಗಳಿಗೊಂದು ದೇಶ ಬೇಕು ಅಂತ ಚಳವಳಿ ಕಟ್ಟಿದ ಯಹೂದಿ ಥಿಯೋಡರ್ ಹರ್ಜಲ್ ಒಳ್ಳೆಯವನಾ ಕೆಟ್ಟವನಾ ಅಂತ ಕೇಳಿದ್ದೀಯ. ಹೌದು-ಅಲ್ಲ ಅಂತ ಹೇಳಿಬಿಡೋಕೆ ನನಗೆ ಮನಸ್ಸಿಲ್ಲ. ಅವನ ಬದುಕು ಹೇಗಿತ್ತು ಅಂತ ಹೇಳುತ್ತೇನೆ, ಕೇಳು.

ಹುಟ್ಟಿದ್ದು 1860ರಲ್ಲಿ, ಈಗಿನ ಬುಡಾಪೆಸ್ಟ್‌ನಲ್ಲಿ. ಇದ್ದೊಬ್ಬ ಅಕ್ಕ ಪೌಲಿನ್ ಟೈಫಾಯ್ಡ್‌ನಿಂದ ತೀರಿಕೊಂಡ ಮೇಲೆ ಮನೆಯವರು ವಿಯೆನ್ನಾಗೆ ಹೋದರು. ಕಾನೂನು ಓದಿದ, ವಕೀಲಿಕೆ ಹಿಡಿಸಲಿಲ್ಲ, ನಾಟಕ ಬರೆದ, ಪತ್ರಕರ್ತನಾದ. ಜರ್ಮನ್ ಭಾಷೆ ಅಂದ್ರೆ ಪ್ರಾಣ. 1895ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಗೆ ದ್ರೋಹಿ ಅಂತ ಸುಳ್ಳು ಪಟ್ಟ ಕಟ್ಟಿ, ಎಲ್ಲರೆದುರು ಅವನ ಸಮವಸ್ತ್ರದ ಪಟ್ಟಿಗಳನ್ನು ಕಿತ್ತು ಕತ್ತಿ ಮುರಿದಾಗ ಇವನು ವರದಿಗಾರನಾಗಿ ಅಲ್ಲಿದ್ದ. ಅದೇ ಅವನನ್ನು ಬದಲಿಸಿತು ಅಂತಾರೆ. ಆದರೆ ಅದೇ ವರ್ಷ ಅವನದೇ ವಿಯೆನ್ನಾದಲ್ಲಿ, ಯಹೂದಿಗಳನ್ನು ಬೈದು ವೋಟು ಕೇಳಿದ ಕಾರ್ಲ್ ಲ್ಯೂಗರ್‌ನ ಪಕ್ಷ ಗೆದ್ದಿತು. ಅದು ಇನ್ನೂ ಜಾಸ್ತಿ ಚುಚ್ಚಿರಬೇಕು ಅಂತ ನನಗನ್ನಿಸುತ್ತದೆ.

ಮರುವರ್ಷ, ಯಹೂದಿಗಳಾದ ನಮಗೆ ನಮ್ಮದೇ ದೇಶ ಬೇಕು ಅಂತ ಒಂದು ಚಿಕ್ಕ ಪುಸ್ತಕ ಬರೆದ. 1897ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸುಮಾರು 200 ಜನರನ್ನು ಸೇರಿಸಿದ. ಎಲ್ಲರೂ ಕಪ್ಪು ಕೋಟು, ಬಿಳಿ ಟೈ ಹಾಕಿಕೊಂಡೇ ಬರಬೇಕು ಅಂತ ಹಟ ಹಿಡಿದ. ಇದು ಸುಮ್ನೆ ಸಭೆಯಲ್ಲ, ಒಂದು ಸಂಸತ್ತು ಅಂತ ಬಂದವರಿಗೇ ಅನ್ನಿಸಬೇಕಿತ್ತು. ಐದು ವರ್ಷದಲ್ಲಿ ಆಗದಿದ್ದರೂ ಐವತ್ತು ವರ್ಷದಲ್ಲಿ ಈ ದೇಶವನ್ನು ಎಲ್ಲರೂ ಕಾಣುತ್ತಾರೆ ಅಂತ ಡೈರಿಯಲ್ಲಿ ಬರೆದುಕೊಂಡ. ಇಸ್ರೇಲ್ ಹುಟ್ಟಿದ್ದು 1948ರಲ್ಲಿ!

ಅಷ್ಟು ದೂರ ನೋಡಿದವನು ಮನೆ ಕಡೆ ನೋಡಲಿಲ್ಲ. ಹೆಂಡತಿ ಜೂಲಿಯ ವರದಕ್ಷಿಣೆ ಹಣವೂ ಚಳವಳಿಗೇ ಹೋಯಿತು. ಪ್ಯಾಲೆಸ್ಟೀನ್ ಆಳುತ್ತಿದ್ದ ಟರ್ಕಿಯ ಸುಲ್ತಾನ, ಜರ್ಮನಿಯ ದೊರೆ ಕೈಸರ್, ಪೋಪ್ ಅಂತ ಬಾಗಿಲು ತಟ್ಟಿ ತಟ್ಟಿ 1904ರಲ್ಲಿ, 44ನೇ ವಯಸ್ಸಿಗೆ, ಹೃದಯ ಸೋತು ಸತ್ತ. ಮೂರು ಮಕ್ಕಳು. ಅಕ್ಕನ ಹೆಸರಿಟ್ಟಿದ್ದ ದೊಡ್ಡ ಮಗಳು ಪೌಲಿನ್, ಮಗ ಹಾನ್ಸ್ ಇಬ್ಬರೂ 1930ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹೋದರು. ಚಿಕ್ಕವಳು ಟ್ರೂಡೆ 1943ರಲ್ಲಿ ನಾಜಿಗಳ ತೆರೇಸಿಯೆನ್‌ಸ್ಟಾಟ್ ಕ್ಯಾಂಪಿನಲ್ಲಿ ತೀರಿಕೊಂಡಳು. ಯುರೋಪನ್ನು ಕಂಡು ಅಪ್ಪ ಹೆದರಿದ್ದು ಸುಳ್ಳಾಗಿರಲಿಲ್ಲ, ಅಲ್ವಾ?

ಇನ್ನೊಂದು ಸಂಗತಿಯನ್ನು ನೀನು ಬಿಡಬಾರದು. 1899ರಲ್ಲಿ ಜೆರುಸಲೇಮಿನ ಮಾಜಿ ಮೇಯರ್ ಯೂಸುಫ್ ಜಿಯಾ ಖಾಲಿದಿ ಹರ್ಜಲ್‌ಗೆ ತಲುಪಲಿ ಅಂತ ಒಂದು ಪತ್ರ ಬರೆದರು. ನಿಮ್ಮ ಆಸೆ ಸಹಜ, ನ್ಯಾಯವೂ ಹೌದು, ಆದರೆ ಪ್ಯಾಲೆಸ್ಟೀನ್‌ನಲ್ಲಿ ಆಗಲೇ ಜನ ಇದ್ದಾರೆ, ದೇವರಾಣೆ ಅದನ್ನು ಬಿಟ್ಟುಬಿಡಿ ಅಂತ. ಹರ್ಜಲ್ ಆ ತಿಂಗಳೇ ಮರ್ಯಾದೆಯಿಂದ ಉತ್ತರ ಕೊಟ್ಟ. ನಾವು ಬಂದರೆ ನಿಮ್ಮವರ ಆಸ್ತಿ ಬೆಲೆ ಏರುತ್ತದೆ, ಅವರನ್ನು ಓಡಿಸೋ ಯೋಚನೆ ಯಾರಿಗಿದೆ ಅಂದ. ಖಾಲಿದಿ ಕೇಳಿದ್ದು ಬೆಲೆಯ ಮಾತನ್ನಲ್ಲ. ತನ್ನವರಿಗೊಂದು ನೆಲ ಬೇಕು ಅಂತ ಒದ್ದಾಡಿದವನಿಗೆ ಇನ್ನೊಬ್ಬರ ನೆಲದ ಪ್ರೀತಿ ಯಾಕೆ ಕಾಣಲಿಲ್ಲವೋ, ನನಗೆ ಅವನ ಮೇಲೆ ಸಿಟ್ಟು ಬರೋದು ಇಲ್ಲೇ.

ಆ ಎರಡೂ ಪತ್ರ ಹುಡುಕಿ ಓದು. ಮೊದಲು ಖಾಲಿದಿಯವರದು. ಓದಿ ನನಗೆ ಬರೆ.

ನಿನ್ನ ಅಮ್ಮ