ಬೀರು, ಅಕ್ಕಿಗೆ ಪ್ರಭಾರ ಪಟ್ಟಿ ಇದೆ, ಮಕ್ಕಳ ಕಲಿಕೆಗೆ?

ಮಾನ್ಯ ಸಂಪಾದಕರೇ,

ಶಿಕ್ಷಕರ ವರ್ಗಾವಣೆ ಎಂದರೆ ಆದ್ಯತಾ ಪಟ್ಟಿ, ಕೌನ್ಸೆಲಿಂಗ್, ಶಾಲೆ ಪಟ್ಟಣದಿಂದ ಎಷ್ಟು ದೂರ ಎಂದು ನೋಡಿ ಮಾಡಿದ ಎ–ಬಿ–ಸಿ ವಲಯ, ಖಾಲಿ ಹುದ್ದೆ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. 2007ರ ವರ್ಗಾವಣೆ ನಿಯಂತ್ರಣ ಕಾಯ್ದೆಯೂ ನಂತರದ 2020ರ ಕಾಯ್ದೆಯೂ ಯಾರು, ಯಾವಾಗ, ಎಲ್ಲಿಗೆ ಹೋಗಬೇಕು ಎಂಬುದರ ಸುತ್ತಲೇ ಇವೆ. ಹೋದವರು ಹೊಸ ಶಾಲೆಯಲ್ಲಿ ಮೊದಲ ಎರಡು ತಿಂಗಳು ಏನು ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಶಿಕ್ಷಕರಿಗೆ ಹತ್ತು ತರಬೇತಿ ಕಲಿಸದ್ದನ್ನು ಕಲಿಸಬಲ್ಲ ಅವಧಿ ಅದು. ಸಿದ್ಧತೆ ಇಲ್ಲದಿದ್ದರೆ ಮಕ್ಕಳ ಅರ್ಧ ವರ್ಷವನ್ನು ನುಂಗಿಬಿಡುವುದೂ ಅದೇ.

ಮುಖ್ಯ ಶಿಕ್ಷಕರು ಬದಲಾದಾಗ ಪ್ರಭಾರ ಪಟ್ಟಿ ತಯಾರಾಗುತ್ತದೆ. ಬೀರು, ಕುರ್ಚಿ, ಅಡುಗೆ ಕೋಣೆಯ ಪಾತ್ರೆ, ಸಿಲಿಂಡರ್, ಉಳಿದ ಅಕ್ಕಿ ಬೇಳೆ, ಹಾಲಿನ ಪುಡಿ, ಗ್ರಂಥಾಲಯದ ಪುಸ್ತಕ, ನಗದು ಪುಸ್ತಕದ ಶಿಲ್ಕು ಎಲ್ಲವನ್ನೂ ಎಣಿಸಿ ಕೊಟ್ಟವರೂ ಪಡೆದವರೂ ಸಹಿ ಹಾಕುತ್ತಾರೆ. ತರಗತಿಯ ಶಿಕ್ಷಕರು ಬದಲಾದರೆ ಬಂದವರ ಕೈಗೆ ಸಿಗುವುದು ಹಾಜರಿ ಪುಸ್ತಕ ಮತ್ತು ಗ್ರೇಡುಗಳು. ಮಗು ಶಾಲೆ ಬದಲಿಸಿದರೆ ಅದರ ಸ್ಯಾಟ್ಸ್ ಸಂಖ್ಯೆ (ಇಲಾಖೆಯ ತಂತ್ರಾಂಶದಲ್ಲಿ ಮಗುವಿನ ದಾಖಲೆಯ ಗುರುತು) ಹಿಂದೆಯೇ ಹೋಗುತ್ತದೆ. ಶಿಕ್ಷಕರು ಶಾಲೆ ಬದಲಿಸಿದರೆ ಆ ಮಗುವಿನ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ ಅವರ ಜೊತೆಗೇ ಬಸ್ಸು ಹತ್ತುತ್ತದೆ. ‘ಬಿ’ ಗ್ರೇಡ್ ಎಂದರೆ ಮಗು ದೀರ್ಘದಲ್ಲಿ ತಡವರಿಸುತ್ತದೋ ಒತ್ತಕ್ಷರದಲ್ಲೋ ಎಂದು ತಿಳಿಯುವುದಿಲ್ಲ.

ಹಾಗಾಗಿ ಬಂದವರು ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಒಂದೋ ಪುಸ್ತಕದಲ್ಲಿ ಹಿಂದಿನವರು ನಿಲ್ಲಿಸಿದ ಪಾಠದಿಂದ ನೇರ ಮುಂದುವರಿಯುತ್ತಾರೆ. ಇಲ್ಲವೇ ‘ಇವರಿಗೇನೂ ಬರುವುದಿಲ್ಲ’ ಎಂದು ಅ ಆ ಇ ಈ ಇಂದ ಶುರು ಮಾಡುತ್ತಾರೆ. ಮೊದಲನೆಯದರಲ್ಲಿ ಹಿಂದುಳಿದ ಮಕ್ಕಳು ಕೈಬಿಟ್ಟು ಹೋಗುತ್ತಾರೆ, ಎರಡನೆಯದರಲ್ಲಿ ಓದಲು ಬರುವ ಮಕ್ಕಳು ಬೇಸತ್ತು ಗದ್ದಲ ಎಬ್ಬಿಸುತ್ತಾರೆ. ಆಮೇಲೆ ‘ಈ ಶಾಲೆಯ ಮಕ್ಕಳಿಗೆ ಶಿಸ್ತಿಲ್ಲ’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಹುಟ್ಟುತ್ತದೆ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಬಿಡುಗಡೆಯಾಗುವ ಶಿಕ್ಷಕರು ಮಗುವಿಗೊಂದು ಸಾಲು ಬರೆದುಕೊಟ್ಟರೆ ಸಾಕು. ‘ಸರಳ ಪದ ಓದುತ್ತಾಳೆ, ಒತ್ತಕ್ಷರ ಬಂದರೆ ನಿಲ್ಲುತ್ತಾಳೆ, ದಶಕ ಸಹಿತ ಕಳೆಯುವುದು ಬರುವುದಿಲ್ಲ, ಬಲಗಿವಿ ಮಂದ, ಎಡಗಡೆ ನಿಂತು ಮಾತಾಡಿಸಬೇಕು.’ 30 ಮಕ್ಕಳಿಗೆ ಎರಡು ಹಾಳೆ, ಒಂದು ಸಂಜೆಯ ಕೆಲಸ. ಆ ಕೊನೆಯ ಮಾತನ್ನು ಯಾವ ತಂತ್ರಾಂಶದಿಂದಲೂ ತೆಗೆಯಲಾಗುವುದಿಲ್ಲ.

ಹಾಳೆ ಸಿಗದಿದ್ದರೆ ಹೊಸಬರೇ ಮೊದಲ ವಾರ ಇದನ್ನು ಕಂಡುಕೊಳ್ಳಬೇಕು. ಉಳಿದವರಿಗೆ ಚಿತ್ರ ಬರೆಯುವುದೋ ನಕಲು ಬರಹವೋ ಕೊಟ್ಟು, ದಿನಕ್ಕೆ ಆರು ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಕೆಳಗಿನ ತರಗತಿಯ ಪುಸ್ತಕದಿಂದ ನಾಲ್ಕು ಸಾಲು ಓದಿಸಿ, ಎರಡು ಲೆಕ್ಕ ಕೊಡಿ. ಮಗುವಿಗೆ ಐದು ನಿಮಿಷವಾದರೆ ದಿನಕ್ಕೆ ಅರ್ಧ ಗಂಟೆ, ಐದೇ ದಿನದಲ್ಲಿ 30 ಮಕ್ಕಳು. ತಪ್ಪಿಗೆ ಇಂಟು ಹಾಕದೆ ತಪ್ಪನ್ನೇ ಬರೆದುಕೊಳ್ಳಬೇಕು. 42ರಲ್ಲಿ 17 ಕಳೆದು 35 ಎಂದ ಮಗು ಏಳರಲ್ಲಿ ಎರಡು ಕಳೆದಿದೆ. ಅದಕ್ಕೆ ಕಳೆಯಲು ಬರುತ್ತದೆ, ಹತ್ತರ ಕಟ್ಟು ಬಿಚ್ಚಲು ಬರುವುದಿಲ್ಲ ಅಷ್ಟೆ. ಕಡ್ಡಿ ಕಟ್ಟುಗಳನ್ನು ಕೈಗೆ ಕೊಟ್ಟು ನಾಲ್ಕು ದಿನ ಬಿಚ್ಚಿಸಿದರೆ ಸರಿಹೋಗುವ ತಪ್ಪು ಅದು. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದೂ ಇದನ್ನೇ.

ಭಾಷೆಯದು ಇನ್ನೂ ಸೂಕ್ಷ್ಮ. ಧಾರವಾಡದ ಕಡೆಯಿಂದ ಮಂಡ್ಯಕ್ಕೋ ಮಂಡ್ಯದಿಂದ ಕಲಬುರಗಿಗೋ ಹೋದ ಶಿಕ್ಷಕರು ಮೊದಲ ಉಕ್ತಲೇಖನದಲ್ಲೇ ಎಡವುತ್ತಾರೆ. ‘ಹಾಲು’ ಎಂದರೆ ಮಂಡ್ಯದ ಮಗು ‘ಆಲು’ ಎಂದು ಬರೆಯಬಹುದು. ‘ಮನೆ’ ಎಂದರೆ ಉತ್ತರದ ಮಗು ‘ಮನಿ’ ಎಂದೂ ‘ಶಾಲೆ’ ಎಂದರೆ ‘ಸಾಲಿ’ ಎಂದೂ ಬರೆಯುತ್ತದೆ. ಇದು ಅಕ್ಷರ ಬಾರದ್ದಲ್ಲ. ಮಗು ತನ್ನ ಮನೆಯಲ್ಲಿ ಕೇಳಿದ್ದನ್ನು ಸರಿಯಾಗಿಯೇ ಬರೆದಿದೆ. ಕೆಂಪು ಗೆರೆ ಎಳೆದರೆ ಮರುದಿನದಿಂದ ಬಾಯಿ ಬಿಡುವುದಿಲ್ಲ. ಗೋಡೆಯ ಕಪ್ಪುಹಲಗೆಯಲ್ಲಿ ‘ಮನೆ ಮಾತು’, ‘ಪುಸ್ತಕದ ಮಾತು’ ಎಂದು ಎರಡು ಕಂಬ ಸಾಲು ಹಾಕಿ, ದಿನಕ್ಕೆ ಐದು ಪದ ಮಕ್ಕಳಿಂದಲೇ ಬರೆಸಿದರೆ ಅವರು ಪುಸ್ತಕದ ರೂಪ ಕಲಿಯುತ್ತಾರೆ, ಶಿಕ್ಷಕರು ಊರಿನ ಮಾತು ಕಲಿಯುತ್ತಾರೆ. ‘ಪಾಟಿ’ ಎಂದರೆ ಸ್ಲೇಟು, ‘ಅಕ್ಕೋರು’ ಎಂದರೆ ತಾನೇ ಎಂದು ತಿಳಿಯದ ಶಿಕ್ಷಕಿ ಆ ಊರಿನ ತಾಯಂದಿರ ಜೊತೆ ಏನು ಮಾತಾಡಬಲ್ಲಳು? ಗಡಿ ತಾಲ್ಲೂಕುಗಳಲ್ಲಿ ತೆಲುಗು, ಮರಾಠಿ, ಕರಾವಳಿಯಲ್ಲಿ ತುಳು, ಕೊಂಕಣಿ ಮನೆಮಾತಿನ ಮಕ್ಕಳಿಗಂತೂ ಇದು ಇನ್ನಷ್ಟು ಬೇಕು.

ಶಾಲೆಯ ಗಾತ್ರ ಬದಲಾದಾಗಲೂ ಪೆಟ್ಟು ಬೀಳುತ್ತದೆ. ಪಟ್ಟಣದಲ್ಲಿ 40 ನಿಮಿಷದ ಪಿರಿಯಡ್‌ನಲ್ಲಿ ಒಂದೇ ವಿಷಯ ಪಾಠ ಮಾಡಿದವರು ಇಬ್ಬರು ಶಿಕ್ಷಕರ ಶಾಲೆಗೆ ಬಂದರೆ ಒಂದರಿಂದ ಮೂರನೇ ತರಗತಿ ಒಟ್ಟಿಗೇ ಕೂತು ಕಾರ್ಡುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿ–ಕಲಿ ಕೊಠಡಿ ಎದುರಾಗುತ್ತದೆ. ಅಲ್ಲಿ ನಿಂತು ಭಾಷಣ ಮಾಡಿದರೆ ಯಾರಿಗೂ ಮುಟ್ಟದು. ಯಾವ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ‘ಪ್ರಗತಿ ನೋಟ’ ಎಂಬ ದಾಖಲೆಯಲ್ಲಿ ನೋಡಿಕೊಂಡು, ಪ್ರಾರ್ಥನೆಗೆ ಮುಂಚೆಯೇ ಕಾರ್ಡು ತೆಗೆದಿಟ್ಟು, ಒಂದು ಗುಂಪಿನ ಜೊತೆ ತಾವು ಕೂತು ಉಳಿದ ಗುಂಪುಗಳು ತಾವೇ ಕೆಲಸ ಮಾಡುವಂತೆ ಮಾಡಬೇಕು. ಇದು ಒಗ್ಗಲು ತಿಂಗಳಾದರೂ ಬೇಕು. ಪಕ್ಕದ ನುರಿತ ಶಿಕ್ಷಕರ ಕೊಠಡಿಯಲ್ಲಿ ಎರಡು ದಿನ ಸುಮ್ಮನೆ ಕೂತು ನೋಡಿದವರಿಗೆ ಬೇಗ ಒಗ್ಗುತ್ತದೆ. ಹದಿನೈದು ವರ್ಷ ಸೇವೆಯಾದ ಮೇಲೆ ಹಾಗೆ ಕೂರಲು ಮುಜುಗರವಾಗುತ್ತದೆ ನಿಜ, ಆದರೂ ಕೂರಬೇಕು.

ಮೊದಲ ತಿಂಗಳು ‘ನಮ್ಮ ಹಳೇ ಶಾಲೆಯಲ್ಲಿ ಹೀಗಿರಲಿಲ್ಲ’ ಎಂಬ ಮಾತನ್ನು ಬಾಯಿಗೆ ತರದಿರುವುದು ಒಳ್ಳೆಯದು. ಸಹೋದ್ಯೋಗಿಗಳು ದೂರವಾಗಲು ಅದೊಂದೇ ಸಾಕು. ಪಾಲಕರನ್ನು ಕಾಣಲು ಕೂಲಿ ಮುಗಿಸಿ ಅವರು ಮನೆ ಸೇರುವ ಸಂಜೆ ಹೊತ್ತೇ ಸರಿ. ದುಡಿಯಲು ಗುಳೆ ಹೋಗುವ ಊರುಗಳಲ್ಲಿ ಯಾವ ಮನೆಯವರು ಯಾವ ತಿಂಗಳು ಹೊರಡುತ್ತಾರೆ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರನ್ನು ಕೇಳಿಟ್ಟುಕೊಂಡರೆ, ಮಗು ಹೊರಡುವ ಮುಂಚೆ ಮುಗಿಸಬೇಕಾದ್ದು ಯಾವುದೆಂದು ಯೋಜಿಸಬಹುದು.

ಶಿಕ್ಷಣ ಇಲಾಖೆಗೆ ನಮ್ಮ ಕೋರಿಕೆ ಎರಡೇ. ವರ್ಗಾವಣೆಯಾದ ಶಿಕ್ಷಕರ ಬಿಡುಗಡೆ ಪತ್ರದ ಜೊತೆ ತರಗತಿಯ ಕಲಿಕಾ ಪ್ರಭಾರ ಪಟ್ಟಿಯನ್ನು ಕಡ್ಡಾಯ ಮಾಡಿ, ಅದರ ಒಂದು ಪ್ರತಿ ಮುಖ್ಯ ಶಿಕ್ಷಕರ ಬಳಿ ಉಳಿಯಲಿ. ಮಕ್ಕಳ ಸಂಖ್ಯೆಗೆ ಹೆಚ್ಚಾದ ಶಿಕ್ಷಕರನ್ನು ಬೇರೆ ಶಾಲೆಗೆ ಕಳಿಸುವ ಮರುಹೊಂದಾಣಿಕೆಯಲ್ಲಿ ವರ್ಷದ ನಡುವೆ ಎದ್ದು ಹೋಗುವವರಿಗೂ ಇದು ಅನ್ವಯಿಸಲಿ, ಏಕೆಂದರೆ ಹೆಚ್ಚು ನಷ್ಟವಾಗುವುದು ಆಗಲೇ. ಇನ್ನು, ಹೊಸದಾಗಿ ಬಂದವರಿಗೆ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಹಂತದ ಮೊದಲ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ಮೀಸಲಿಟ್ಟು, ಅದೇ ಊರುಗಳಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರ ಜೊತೆ ಕೂರಿಸಲಿ.

— ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಲವು ಶಿಕ್ಷಕರು, ಹಾವೇರಿ ಜಿಲ್ಲೆ