ಜುಲೈ ನಾಟಕಗಳು ಅಕ್ಟೋಬರಿಗೆ: ಸೀಸನ್ ಪಾಸ್ ಪಡೆದವರಿಗೆ ಪತ್ರ

ಆತ್ಮೀಯ ಪ್ರೇಕ್ಷಕರೇ, ನಮಸ್ಕಾರ.

ಜುಲೈನಿಂದ ತಿಂಗಳಿಗೊಂದರಂತೆ ನಾಲ್ಕು ನಾಟಕ ಎಂದು ನಿಮ್ಮ ಪಾಸಿನಲ್ಲಿ ಅಚ್ಚಾಗಿದೆ. ಅದು ಬದಲಾಗಿದೆ. ಈ ಸಲ ಮೂರೇ ನಾಟಕ. ಮೂರೂ ಅಕ್ಟೋಬರ್ ಮೊದಲ ವಾರ ಶುರುವಾಗಿ ನವೆಂಬರ್ ಎರಡನೇ ವಾರದೊಳಗೆ ಮುಗಿಯುತ್ತವೆ. ಬಾಡಿಗೆ ಸಭಾಂಗಣ ಬಿಟ್ಟು, ನಾವು ತಾಲೀಮು ನಡೆಸುವ, ಶೀಟಿನ ಸೂರಿರುವ ಹಾಲಿನಲ್ಲೇ ಆಡುತ್ತೇವೆ. ಅಲ್ಲಿ 140 ಜನರಿಗಷ್ಟೇ ಜಾಗ. ಹಾಗಾಗಿ ಪ್ರತಿ ನಾಟಕಕ್ಕೂ ಮೂರು ಪ್ರದರ್ಶನ: ಶನಿವಾರ ಸಂಜೆ 6.30, ಭಾನುವಾರ ಮಧ್ಯಾಹ್ನ 3.30 ಮತ್ತು ಸಂಜೆ 6.30. ಮೂಡಿಗೆರೆ, ಆಲ್ದೂರು ಕಡೆಯಿಂದ ಬಸ್ಸಿನಲ್ಲಿ ಬರುವವರು ಭಾನುವಾರ ಮಧ್ಯಾಹ್ನದ ಆಟ ಹಿಡಿಯುವುದು ಒಳ್ಳೆಯದು.

ತಿಂಗಳು ಬದಲಿಸಿದ್ದು ಮಳೆಗೆ. ಶೀಟಿನ ಮೇಲೆ ಮಲೆನಾಡಿನ ಮಳೆ ಬಿದ್ದರೆ ಮೂರನೇ ಸಾಲಿಗೂ ಮಾತು ಕೇಳುವುದಿಲ್ಲ. ಮೈಕ್ ತೂಗುಬಿಟ್ಟರೆ ಅದು ನಟರ ಮಾತಿನ ಜೊತೆ ಮಳೆಯನ್ನೂ ಹಿಡಿದು ದೊಡ್ಡದು ಮಾಡುತ್ತದೆ. ಇನ್ನು ‘ಹಯವದನ’ ನಾಟಕದ ಮುಖವಾಡಗಳ ಪಾಡು. ಕಾಗದದ ಮುದ್ದೆಯಲ್ಲಿ ಮಾಡಿದವು ಜುಲೈ ಥಂಡಿಗೆ ಒಣಗುವುದೇ ಇಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಪದರ ಹಸಿಯಾಗಿರುತ್ತದೆ, ಬಣ್ಣ ಹಚ್ಚಿದ ವಾರದಲ್ಲಿ ಬೂಷ್ಟು ಬರುತ್ತದೆ. ಇತ್ತ ನವೆಂಬರ್ ದಾಟಿಸುವ ಹಾಗೂ ಇಲ್ಲ. ಅರೇಬಿಕಾ ಕಾಫಿಯ ಕೊಯ್ಲು ಜೋರಾದರೆ ನಮ್ಮ ನಟರಲ್ಲಿ ಅರ್ಧ ಜನ, ನಿಮ್ಮಲ್ಲೂ ಬಹಳ ಜನ ತೋಟ ಬಿಟ್ಟು ಬರಲಾರರು. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ, ಆಮೇಲೆ ಮಕ್ಕಳ ಪರೀಕ್ಷೆ. ಉಳಿದದ್ದು ಈ ಆರು ವಾರ.

ಜಾಗ ಚಿಕ್ಕದಾದ್ದರಿಂದ ನಾಲ್ಕನೆಯದಾದ ‘ತುಘಲಕ್’ ನಾಟಕವನ್ನು ಕೈಬಿಟ್ಟಿದ್ದೇವೆ. ಹದಿಮೂರು ದೃಶ್ಯ, ದೊಡ್ಡ ಪಾತ್ರವರ್ಗ. ನಮ್ಮ ರಂಗದ ಅಗಲ 18 ಅಡಿ, ಒಂದು ಪಕ್ಕಕ್ಕೆ ನಟರು ಮರೆಯಾಗಿ ನಿಲ್ಲುವ ಸೈಡ್‌ವಿಂಗೇ ಇಲ್ಲ. ಗುಂಪು ಒಳಹೋಗಿ ವೇಷ ಬದಲಿಸಿ ಬರುವುದು ಆಗದ ಮಾತು. ಉಳಿದವು ಈ ಕ್ರಮದಲ್ಲಿ: ಒಂದು ಮೇಜು, ನಾಲ್ಕು ಕುರ್ಚಿಯಲ್ಲಿ ನಡೆದುಹೋಗುವ ಕೈಲಾಸಂ ಅವರ ‘ಟೊಳ್ಳುಗಟ್ಟಿ’, ನಮ್ಮ ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1928ರಲ್ಲಿ ಬರೆದ ‘ಜಲಗಾರ’, ಕೊನೆಗೆ ಕಾರ್ನಾಡರ ‘ಹಯವದನ’. ಇದನ್ನು ಕೊನೆಗಿಟ್ಟದ್ದು ಮುಖವಾಡಕ್ಕೆ ಬಿಸಿಲು ಸಿಗಲಿ ಎಂದು. ಅದರ ಮುಖ್ಯ ಪಾತ್ರಗಳಾದ ದೇವದತ್ತ, ಕಪಿಲರಿಗೆ ಮೇಲ್ದುಟಿಯವರೆಗಿನ ಅರ್ಧ ಮುಖವಾಡ ಮಾಡಿಸುತ್ತಿದ್ದೇವೆ. ಪೂರ್ತಿ ಮುಚ್ಚಿದರೆ ‘ಪ’, ‘ಬ’ ಅಕ್ಷರಗಳು ಒಳಗೇ ಉಳಿಯುತ್ತವೆ, ಮೈಕಿಲ್ಲದ ಹಾಲಿನಲ್ಲಿ ಅದು ಕಷ್ಟ.

ಮೂರಕ್ಕೂ ಒಂದೇ ರಂಗಸಜ್ಜಿಕೆ: 4 ಅಡಿ ಉದ್ದ, 3 ಅಡಿ ಅಗಲದ, ವೇದಿಕೆಯಂತೆ ಜೋಡಿಸುವ ಏಳು ಲೆವೆಲ್‌ಗಳು, ಎರಡು ಮೆಟ್ಟಿಲು, ಒಂದು ಅರೆಪರದೆ. 1985ರಿಂದ ನಡೆದಿರುವ ಹೆಗ್ಗೋಡಿನ ನೀನಾಸಂ ಸಂಸ್ಥೆಯ ಸಂಚಾರಿ ನಾಟಕ ‘ತಿರುಗಾಟ’ವನ್ನು ನೋಡಿದವರಿಗೆ, ಒಂದೇ ತಂಡ ಹಲವು ನಾಟಕ ಹೊತ್ತು ಸುತ್ತುವಾಗ ಸಾಮಾನು ಎಷ್ಟು ಮಿತವಾಗಿರಬೇಕೆಂದು ಗೊತ್ತಿರುತ್ತದೆ.

ಬೆಳಕಿನ ಲೆಕ್ಕವೂ ಇದೆ. ಹಳೆಯ 1000 ವ್ಯಾಟಿನ ‘ಪಾರ್’ ರಂಗದೀಪ ಹನ್ನೆರಡು ಹಾಕಿದರೆ 12 ಕಿಲೋವ್ಯಾಟ್, ಅಂದರೆ 50 ಆಂಪಿಯರಿಗೂ ಮೇಲೆ. ಹಾಲಿನ ವೈರಿಂಗ್ ತಡೆಯದು. 150 ವ್ಯಾಟಿನ ಎಲ್‌ಇಡಿ ಹನ್ನೆರಡು ಹಾಕಿದರೆ 1.8 ಕಿಲೋವ್ಯಾಟಿನಲ್ಲಿ ಮುಗಿಯುತ್ತದೆ. ಆದರೆ ಅಗ್ಗದ ಎಲ್‌ಇಡಿ ನಿಧಾನಕ್ಕೆ ಆರಿಸಿದರೆ ಕೊನೆಯಲ್ಲಿ ತಟ್ಟನೆ ಆರುತ್ತದೆ, ಮುಖವೂ ಬಿಳಿಚಿಕೊಂಡು ಕಾಣುತ್ತದೆ. ಅದಕ್ಕೇ ಮುಂಬದಿಗೆ 500 ವ್ಯಾಟಿನ ಎರಡು ಹ್ಯಾಲೊಜೆನ್ ಉಳಿಸಿಕೊಂಡಿದ್ದೇವೆ. ಒಟ್ಟು 2.8 ಕಿಲೋವ್ಯಾಟ್. ಕರೆಂಟು ಹೋದರೆ 5 ಕೆವಿಎ ಜನರೇಟರ್ ಇಷ್ಟನ್ನು ಎಳೆಯುತ್ತದೆ, ಯಾರೂ ಅದೇ ಲೈನಿಗೆ ಕಾಫಿ ಕೆಟಲ್ ಸಿಕ್ಕಿಸದಿದ್ದರೆ.

ಹಾಲಿನ ಬಾಗಿಲು ರಂಗದ ಪಕ್ಕಕ್ಕೇ ತೆರೆಯುತ್ತದೆ. ಆದ್ದರಿಂದ ನಾಟಕ ಶುರುವಾಗುವ ಸೂಚನೆಯ ಮೂರನೇ ಗಂಟೆ ಬಾರಿಸಿದ ಮೇಲೆ ಬಂದವರನ್ನು ಮೊದಲ ದೃಶ್ಯ ಮುಗಿದ ನಂತರವೇ ಒಳಗೆ ಬಿಡುತ್ತೇವೆ. ‘ಜಲಗಾರ’ ಚಿಕ್ಕದು, ಅದಕ್ಕೆ ತಡವಾಗಿ ಬಂದವರಿಗೆ ಮುಂದಿನ ಪ್ರದರ್ಶನವೇ ಗತಿ. ಭಾನುವಾರ ಸಂಜೆಯದು ಕೊನೆಯದು, ನೆನಪಿರಲಿ. ಮುಂದಿನ ಎರಡು ಸಾಲು ಜಮಖಾನ, ಹಿಂದೆ ಕುರ್ಚಿ. ಮಂಡಿನೋವಿನವರು ಮೊದಲೇ ತಿಳಿಸಿದರೆ ಕುರ್ಚಿ ಕಾದಿರಿಸುತ್ತೇವೆ.

600 ರೂಪಾಯಿಯ ಹಳೆಯ ಪಾಸೇ ನಡೆಯುತ್ತದೆ, ಹೊಸದು ಬೇಡ. ಕಡಿಮೆಯಾದ ಒಂದು ನಾಟಕದ 150 ರೂಪಾಯಿಯನ್ನು ವಾಪಸು ಪಡೆಯಬಹುದು, ಇಲ್ಲವೇ ಯಾವುದಾದರೂ ಆಟಕ್ಕೆ ಜೊತೆಗೊಬ್ಬರನ್ನು ಕರೆತರಬಹುದು. ಯಾವ ನಾಟಕಕ್ಕೆ ಯಾವ ಪ್ರದರ್ಶನ ಎಂಬುದನ್ನು ಮಾತ್ರ ಸೆಪ್ಟೆಂಬರ್ 15ರೊಳಗೆ, ಪಾಸಿನ ಹಿಂಬದಿಯ ನಂಬರಿಗೆ ಪಾಸ್ ಸಂಖ್ಯೆ ಸಮೇತ ತಿಳಿಸಿ. ತಿಳಿಸದವರಿಗೆ ಶನಿವಾರದ ಸೀಟು ಹಾಕಿರುತ್ತೇವೆ.

ಇಂತಿ,
ನಾಟಕ ತಂಡದ ಪರವಾಗಿ
ಚಿಕ್ಕಮಗಳೂರು